ಸ್ಕಿಪ್ಪರ್ ಅಂಕಲ್ ಅವರ ಕಾರ್ ಕೀ

ನಮ್ಮಪ್ಪನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಕಾರು ಓಡಿಸುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ವಾಸಿ. ಅಲ್ಲಿ ಮರಗಟ್ಟಿಸುವ ಇಂಜೆಕ್ಷನ್ನಾದರೂ ಕೊಡುತ್ತಾರೆ.

ಅಪ್ಪ ವಾಯುಸೇನೆಯಲ್ಲಿ ನ್ಯಾವಿಗೇಟರ್ ಆಗಿದ್ದವರು. ಹಗುರ ಬಾಂಬರ್ ವಿಮಾನದಲ್ಲಿ. ಅದರಲ್ಲಿ ಇಬ್ಬರೇ: ಓಡಿಸಲು ಒಬ್ಬ ಪೈಲಟ್, ದಾರಿ ಹೇಳಲು ಒಬ್ಬ ನ್ಯಾವಿಗೇಟರ್. ಬಾಂಬ್ ಹಾಕುವ ಹೊತ್ತಿಗೆ ನ್ಯಾವಿಗೇಟರ್ ತೆವಳಿಕೊಂಡು ವಿಮಾನದ ಮೂತಿಗೆ ಹೋಗಿ, ಗಾಜಿನ ಹಿಂದೆ ಹೊಟ್ಟೆ ಅಡಿ ಮಾಡಿ ಮಲಗಿ, ಕೆಳಗಿನ ನೆಲ ನೋಡುತ್ತಾ ಎಡಕ್ಕೆ ಬಲಕ್ಕೆ ಹೇಳಬೇಕು. ಮೇಲೆ ಕೂತ ಪೈಲಟ್‌ಗೆ ಗುರಿ ಕಾಣುವುದಿಲ್ಲ. ನ್ಯಾವಿಗೇಟರ್ ಹೇಳಿದಷ್ಟು ತಿರುಗಿಸಬೇಕು, ಅಷ್ಟೇ. ಎಪ್ಪತ್ತೊಂದರ ಯುದ್ಧದಲ್ಲಿ ಅಪ್ಪ ಹೀಗೆ ಮಲಗಿಕೊಂಡೇ ಗಡಿ ದಾಟಿ ವಾಪಸ್ ಬಂದವರು. ಅಮ್ಮ ತೀರಿಕೊಂಡ ಮೇಲೆ, ಕೋವಿಡ್‌ನಲ್ಲಿ ನಿಂತಿದ್ದ ವಿಮಾನಗಳು ಮತ್ತೆ ಹಾರಲು ತೊಡಗಿದಾಗ, ಧಾರವಾಡದಿಂದ ಸಮುದ್ರ ದಾಟಿ ಕಾರ್ಮೆಲ್ ವ್ಯಾಲಿಯ ನನ್ನ ಮನೆಗೆ ಬಂದರು.

ಈ ಮನೆ ಕೊಳ್ಳುವಾಗ ಏಜೆಂಟ್ ಹೆಂಗಸು ದನಿ ತಗ್ಗಿಸಿ, ಮಿರಾಮಾರ್ ವಾಯುನೆಲೆಯ ಕಡೆಯಿಂದ ಆಗಾಗ ಮಿಲಿಟರಿ ಜೆಟ್‌ಗಳ ಸದ್ದು ಬರುತ್ತದೆ ಎಂದು ಒಪ್ಪಿಕೊಂಡಿದ್ದಳು. ನನಗದು ತಲೆನೋವು, ಅಪ್ಪನಿಗೆ ಬಿಟ್ಟಿ ಸಂಗೀತ ಕಚೇರಿ. ಸದ್ದು ಕೇಳಿಸಿದರೆ ಸಾಕು, ಕೈಯಲ್ಲಿ ದೋಸೆ ಹಿಡಿದುಕೊಂಡೇ ಹಿತ್ತಲಿಗೆ ಓಡುತ್ತಾರೆ. ಪಕ್ಕದ ಮನೆಯವರು ಮೊದಮೊದಲು ಏನೋ ಅನಾಹುತವಾಯಿತೆಂದು ತಾವೂ ಓಡಿ ಬರುತ್ತಿದ್ದರು. ಈಗ ಬೇಲಿಯಾಚೆಯಿಂದ ಕೈ ಬೀಸುತ್ತಾರೆ.

ಸಂಕಟವೆಲ್ಲ ಕಾರಿನಲ್ಲಿ. ಹಾಲು ತರಲು ಹೊರಟರೂ ಮೊದಲು ‘ಬ್ರೀಫಿಂಗ್’ ಆಗಬೇಕು. ಪೆಟ್ರೋಲ್ ಎಷ್ಟಿದೆ, ಬಿಸಿಲು ಯಾವ ಕಡೆಯಿಂದ, ದಾರಿ ಮುಚ್ಚಿದ್ದರೆ ಬೇರೆ ದಾರಿ ಯಾವುದು. ನಾನು ಟೊರ್ರಿ ಪೈನ್ಸ್‌ನ ಲ್ಯಾಬಿನಲ್ಲಿ ಹತ್ತು ಜನರನ್ನು ಗದರಿಸಿ ಕೆಲಸ ಮಾಡಿಸುವವಳು. ಸ್ವಂತ ಕಾರಿನಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

ಬಂದ ಹೊಸತರಲ್ಲಿ ಒಂದು ದಿನ “ಲೆಫ್ಟ್-ಲೆಫ್ಟ್” ಎಂದರು. ನಾನು ಎಡಕ್ಕೆ ತಿರುಗಿದೆ, ಕೂಡಲೇ ಇನ್ನೊಮ್ಮೆ ಎಡಕ್ಕೆ ತಿರುಗಿದೆ, ಹೋಗಿ ಬರ್ಗರ್ ಅಂಗಡಿಯ ಡ್ರೈವ್-ಥ್ರೂ ಸಾಲಿನಲ್ಲಿ ಸಿಕ್ಕಿಬಿದ್ದೆ. ಹಿಂದೆ ನಾಲ್ಕು ಕಾರು, ಪಕ್ಕದಲ್ಲಿ ಗೋಡೆ. ಅಲ್ಲಿ ಅಪ್ಪ ಸಾವಧಾನವಾಗಿ ಬಿಡಿಸಿ ಹೇಳಿದರು. ವಿಮಾನದ ಮೈಕಿನಲ್ಲಿ ಗರಗರ ಸದ್ದು, ಮಾತು ಸರಿಯಾಗಿ ಕೇಳಿಸುವುದಿಲ್ಲ. ಅದಕ್ಕೇ ಎಡಕ್ಕಾದರೆ ಎರಡು ಸಲ, ಬಲಕ್ಕಾದರೆ ಒಂದೇ ಸಲ ಹೇಳುವುದು ಪದ್ಧತಿ. “ಲೆಫ್ಟ್-ಲೆಫ್ಟ್ ಅಂದ್ರ ಒಂದ ಲೆಫ್ಟ್, ಮಗಳ. ಇಷ್ಟೂ ಗೊತ್ತಿಲ್ಲೇನು?”

“ನನ್ನ ಕಾರಿನಲ್ಲಿ ಗರಗರ ಇಲ್ಲ, ಅಪ್ಪಾ. ಇರೋದು ನೀವೊಬ್ಬರೇ.”

ಬರಿಗೈಯಲ್ಲಿ ಸಾಲು ಬಿಡುವುದು ಸರಿಯಲ್ಲವೆಂದು ಫ್ರೆಂಚ್ ಫ್ರೈಸ್ ಕೊಂಡೆವು. ಅಪ್ಪ ಒಂದೊಂದೇ ತಿನ್ನುತ್ತಾ, “ಟಾರ್ಗೆಟ್ ತಪ್ಪಿತು, ಆದ್ರ ಹಾರಿದ್ದೇನೂ ದಂಡ ಆಗ್ಲಿಲ್ಲ” ಎಂದರು.

ಫೋನಿನಲ್ಲಿ ದಾರಿ ಹೇಳುವ ಹೆಂಗಸಿನ ದನಿಯ ಮೇಲೆ ಅವರಿಗೆ ಭಾರಿ ಕೋಪ. ನಾನು ಅದನ್ನು ಹಾಕಿದರೆ ಮುಖ ಗಂಟಿಕ್ಕುತ್ತಾರೆ. “ಆಕಿ ಒಂದ್ಸಲಾನರ ‘ನನಗ ಕಾಣವಲ್ದು’ ಅಂತಾಳೇನು? ನ್ಯಾವಿಗೇಟರ್ ಆದಾಂವಾ ಕಂಡ್ರ ಕಂಡೇನಿ ಅನಬೇಕು, ಕಾಣದಿದ್ರ ಇಲ್ಲ ಅನಬೇಕು. ಅದಕ್ಕ ಧೈರ್ಯ ಬೇಕು.”

ಈ ಧೈರ್ಯದ ಕತೆಯನ್ನು ಕೇಳಿಯೇ ನಾನು ದೊಡ್ಡವಳಾದೆ. ಅವತ್ತಿನ ದಾಳಿಯ ಗುರಿ ಶತ್ರುಗಳ ಎಣ್ಣೆ ಟ್ಯಾಂಕುಗಳು. ವಿಮಾನ ಮೇಲೆ ಬಂದಾಗ ಕೆಳಗೆ ಬರೀ ಹೊಗೆ. ಅಂದಾಜಿನಲ್ಲಿ ಬಾಂಬ್ ಹಾಕಿ ಮನೆಗೆ ಹೊರಟುಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಟ್ಯಾಂಕಿನ ಪಕ್ಕದಲ್ಲೇ ಜನರ ಮನೆಗಳಿದ್ದವು. ಅಪ್ಪ ಮೈಕಿನಲ್ಲಿ ಹೇಳಿದರು: “ಸ್ಕಿಪ್ಪರ್, ಕಾಣ್ಲಿಲ್ಲ. ಇನ್ನೊಂದು ರನ್.” ಅಂದರೆ, ಎಚ್ಚೆತ್ತು ಕೂತ ಶತ್ರು ಫಿರಂಗಿಗಳ ಮೇಲೆ ಮತ್ತೊಮ್ಮೆ ನೇರವಾಗಿ ಹಾರಿ ಬರಬೇಕು. ಪೈಲಟ್ ಒಂದು ಮಾತೂ ಆಡಲಿಲ್ಲ. ವಿಮಾನ ತಿರುಗಿಸಿದರು. ಎರಡನೇ ಸಲ ಅಪ್ಪನಿಗೆ ಗುರಿ ಕಂಡಿತು, ಬಾಂಬ್ ಬಿತ್ತು, ವಾಪಸ್ ಬಂದಾಗ ವಿಮಾನದ ಬಾಲ ಜರಡಿಯಾಗಿತ್ತು.

ಆ ಮೌನವನ್ನು ಅಪ್ಪ ಪೂಜೆಗಿಟ್ಟ ವಸ್ತುವಿನಂತೆ ಇಟ್ಟುಕೊಂಡಿದ್ದರು. ನನ್ನ ಶಾಲೆಯ ವಾರ್ಷಿಕೋತ್ಸವದಲ್ಲಿ ಅದನ್ನು ಹೇಳಿದರು, ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ಬೀಗರಿಗೆ ಸಾರು ಆರಿಹೋಗುವವರೆಗೂ ಹೇಳಿದರು. “ಒಂದ ಮಾತು ಆಡ್ಲಿಲ್ಲ ನೋಡ್ರಿ. ವಿಶ್ವಾಸ ಅಂದ್ರ ಅದು.”

ಆ ಪೈಲಟ್ಟೇ ಸ್ಕಿಪ್ಪರ್ ಅಂಕಲ್. ಮೈಸೂರಿನವರು. ಆರ್ಟೀಸಿಯಾದ ಹತ್ತಿರ ಮಗಳ ಮನೆಯಲ್ಲಿ ಬಹಳ ವರ್ಷದಿಂದ ಇದ್ದಾರೆ. ಅಪ್ಪ ಅವರನ್ನು ಸ್ಕಿಪ್ಪರ್ ಎನ್ನುತ್ತಾರೆ, ಅವರು ಅಪ್ಪನನ್ನು ನ್ಯಾವ್ ಎನ್ನುತ್ತಾರೆ. ತಿಂಗಳಿಗೊಮ್ಮೆ ನಾನು ಎರಡು ತಾಸು ಡ್ರೈವ್ ಮಾಡಿ ಅಪ್ಪನನ್ನು ಪಯನಿಯರ್ ಬುಲೆವಾರ್ಡಿನ ಒಂದು ಸಿಹಿ ಅಂಗಡಿಗೆ ಮುಟ್ಟಿಸುತ್ತೇನೆ. ಅಂಕಲ್ ತಮ್ಮ ಬೆಳ್ಳಿ ಬಣ್ಣದ ಕಾರು ತಾವೇ ಓಡಿಸಿಕೊಂಡು ಬರುತ್ತಾರೆ, ಅಲ್ಲ, ಬರುತ್ತಿದ್ದರು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವರ ಮಗಳು ಫೋನ್ ಮಾಡಿದಳು. ಮೊದಲು ನಗುತ್ತಲೇ ಶುರು ಮಾಡಿದಳು. ಅಂಕಲ್ ಕಿರಾಣಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಬೇರೆ ಯಾರದೋ ಬೆಳ್ಳಿ ಬಣ್ಣದ ಕಾರು ಹತ್ತಿದ್ದರಂತೆ. ಎಸಿಗೆಂದು ಎಂಜಿನ್ ಆನ್ ಇತ್ತು, ಒಳಗೆ ಒಬ್ಬ ಗುಜರಾತಿ ಅಜ್ಜಿ ಕೂತಿದ್ದರು. ಅಂಕಲ್ ಅತ್ತ ಸರಿಯಾಗಿ ನೋಡದೆಯೇ “ಬೆಲ್ಟ್, ಬೆಲ್ಟ್” ಎಂದು ಗದರಿದರಂತೆ, ಆ ಅಜ್ಜಿ ಹೆದರಿ ಬೆಲ್ಟ್ ಹಾಕಿಕೊಂಡರಂತೆ. ಪಾರ್ಕಿಂಗ್ ಗೇಟಿನವರೆಗೂ ಇಬ್ಬರೂ ಮರ್ಯಾದಸ್ಥರಂತೆ ಹೋಗಿದ್ದಾರೆ.

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವಳು ನಗುವುದನ್ನು ನಿಲ್ಲಿಸಿದ್ದಳು.

“ಹೋದ ವಾರ ಸ್ಟಾಪ್ ಸೈನ್ ನೋಡ್ದೆ ಹೋಗ್ಬಿಟ್ರು. ಸೈಕಲ್‌ನಲ್ಲಿ ಬರ್ತಿದ್ದೋನು ಪಕ್ಕಕ್ಕೆ ಬಿದ್ದು ಉಳ್ಕೊಂಡ. ಕಣ್ಣಿನ ನೋಟ ಮಧ್ಯದಲ್ಲೇ ಮಸುಕಾಗಿದೆ ಅಂತ ಡಾಕ್ಟರ್ ಹೇಳಿದ್ದಾರೆ, ಡ್ರೈವ್ ಮಾಡ್ಬೇಡಿ ಅಂತಾನೂ ಹೇಳಿದ್ದಾರೆ. ನಮ್ಮ ಅಬ್ಬಾ ಯಾರ ಮಾತೂ ಕೇಳಲ್ಲ. ಕೀ ಬಚ್ಚಿಟ್ರೆ ಊಟ ಬಿಡ್ತಾರೆ. ನಿಮ್ಮಪ್ಪ ಹೇಳಿದ್ರೆ ಮಾತ್ರ ಕೇಳ್ತಾರೆ. ಯಾರನ್ನಾದ್ರೂ ಕೊಂದ್ಮೇಲೆ ನಿಲ್ಸೋದು ಬೇಡ, ಪ್ಲೀಸ್, ಹೇಳ್ಸಿ.”

ಅಪ್ಪನಿಗೆ ಹೇಳಿದೆ. ಅವರು ಪೇಪರ್ ಮಡಚಿಟ್ಟರು. “ಅಂವನ್ನ ನಾ ಒಮ್ಮೆ ಕೇಳೀನಿ. ಯಾರೂ ಕೇಳಬಾರದ್ದು ಕೇಳೀನಿ. ಮತ್ತೊಮ್ಮೆ ಕೇಳ್ಲಿಕ್ಕೆ ನನ್ನಿಂದ ಆಗೂದಿಲ್ಲ.”

“ಹಾಗಾದ್ರೆ ಇನ್ಯಾರು ಹೇಳಬೇಕು, ಫೋನಿನ ಹೆಂಗಸಾ?” ನನಗೆ ಸಿಟ್ಟು ಬಂದಿತ್ತು. ರಸ್ತೆಯಲ್ಲಿ ಓಡಾಡುವವರು ಇವರಿಬ್ಬರ ಸ್ನೇಹಕ್ಕೆ ಬಲಿಯಾಗಬೇಕೇ?

ಮರುದಿನ ಬೆಳಿಗ್ಗೆ ಅಪ್ಪ ಶೂ ಹಾಕಿಕೊಂಡು ಬಂದು ನಿಂತರು. “ನಡಿ. ಆದ್ರ ನೋಡದ ಹೇಳಾಂವಲ್ಲ ನಾ. ಅಂವಾ ಕಾರು ಓಡಸೂದು ನನ್ನ ಕಣ್ಣಿಲೆ ನೋಡಬೇಕು.”

ದಾರಿಯುದ್ದಕ್ಕೂ ಲೆಫ್ಟೂ ಇಲ್ಲ, ರೈಟೂ ಇಲ್ಲ. ಪೆಂಡಲ್ಟನ್ ಮಿಲಿಟರಿ ನೆಲೆಯ ಹತ್ತಿರ ಎರಡು ಹೆಲಿಕಾಪ್ಟರ್ ತಲೆಯ ಮೇಲೇ ಹೋದವು, ಅಪ್ಪ ಕತ್ತೆತ್ತಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ಅಂಗಡಿಯಲ್ಲಿ ಅಂಕಲ್ ಆಗಲೇ ಜಿಲೇಬಿ ತರಿಸಿಕೊಂಡು ಕೂತಿದ್ದರು. ಬಿಳಿ ಮೀಸೆಗೆ ಪಾಕ ಅಂಟಿತ್ತು. ಅಪ್ಪ ಧೈರ್ಯ ತಂದುಕೊಳ್ಳಲೆಂದೋ ಏನೋ, ಅದೇ ಹಳೆಯ ಕತೆ ಎತ್ತಿಕೊಂಡರು. ಹೊಗೆ, ಇನ್ನೊಂದು ರನ್, ಒಂದು ಮಾತೂ ಆಡಲಿಲ್ಲ.

ಅಂಕಲ್ ಜಿಲೇಬಿ ಕೆಳಗಿಟ್ಟರು. “ನ್ಯಾವ್, ಐವತ್ತು ವರ್ಷದಿಂದ ಇದನ್ನ ಕೇಳ್ತಾ ಇದ್ದೀನಿ. ನನಗೂ ವಯಸ್ಸಾಯ್ತು, ಹೇಳ್ಬಿಡ್ತೀನಿ. ಮಾತಾಡ್ಲಿಲ್ಲ ಅಂತ ಯಾರು ಹೇಳಿದ್ದು? ಮೈಕ್ ಆಫ್ ಮಾಡಿದ್ದೆ ಕಣಯ್ಯ.”

“ಏನು?”

“ಮೈಕ್ ಆಫ್ ಮಾಡ್ಕೊಂಡು ಬೈದೆ. ನಿನ್ನ ಬೈದೆ, ನಿನ್ನ ಕಣ್ಣು ಬೈದೆ, ನಿಂಗೆ ಹೊಗೇಲಿ ಕಾಣೋ ಕಣ್ಣು ಕೊಡದೇ ಇರೋ ನಿಮ್ಮಪ್ಪನ್ನ ಬೈದೆ. ತಿರುಗಿಸಿಕೊಂಡು ಬಂದು ಬಾಂಬ್ ಬೀಳೋವರೆಗೂ ಕನ್ನಡದಲ್ಲಿ ಬೈದೆ, ಉರ್ದೂನಲ್ಲಿ ಬೈದೆ, ಅವೆರಡೂ ಖಾಲಿಯಾದ್ಮೇಲೆ ಪಂಜಾಬಿಲಿ ಬೈದೆ. ಅಷ್ಟು ಭಯ ಆಗಿತ್ತು ಕಣಯ್ಯ. ನೀನೇನೋ ಮಲಗಿದ್ದೆ!”

ಅಪ್ಪನ ಮುಖ ನೋಡುವ ಹಾಗಿರಲಿಲ್ಲ. ಶಾಲೆಯ ವಾರ್ಷಿಕೋತ್ಸವ, ಬೀಗರ ಆರಿದ ಸಾರು, ಎಲ್ಲವೂ ಅವರ ಕಣ್ಣ ಮುಂದೆ ಬಂದಿರಬೇಕು. ಆಮೇಲೆ ಹೊಟ್ಟೆಯೊಳಗಿಂದ ಒಂದು ನಗು ಎದ್ದು ಬಂತು. ಜಿಲೇಬಿ ಗಂಟಲಿಗೆ ಸಿಕ್ಕಿ, ನಾನೂ ಅಂಗಡಿಯ ಹುಡುಗಿಯೂ ಸೇರಿ ಬೆನ್ನಿಗೆ ಗುದ್ದಬೇಕಾಯಿತು.

“ಆದ್ರೂ ತಿರುಗಿಸಿದಿ” ಎಂದರು ಅಪ್ಪ, ಉಸಿರು ಬಂದ ಮೇಲೆ.

“ನೀನು ನ್ಯಾವ್. ಕಾಣ್ಲಿಲ್ಲ ಅಂದೆ. ತಿರುಗಿಸದೇ ಏನ್ ಮಾಡ್ಲಿ?”

ಊಟಕ್ಕೆ ಮನೆಗೆ ಹೋಗೋಣವೆಂದು ಅಂಕಲ್ ಎದ್ದರು. ಅಪ್ಪನಿಗೆಂದು ಅವರ ಮಗಳು ಬೇರೆ ಪಾತ್ರೆಯಲ್ಲಿ ತರಕಾರಿ ಪಲಾವ್ ಮಾಡಿದ್ದಳು. “ನನ್ನ ಕಾರಿನಲ್ಲೇ ನಡೀರಿ” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಎಳೆದುಕೊಂಡಾಗಿತ್ತು. ನಾನು ಹಿಂದೆ ಕೂತು, ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮರೆತುಹೋಗಿದ್ದ ಸ್ತೋತ್ರಗಳನ್ನೆಲ್ಲ ನೆನಪು ಮಾಡಿಕೊಂಡೆ.

ನೂರು ಗಜ ಹೋಗುವಷ್ಟರಲ್ಲಿ ಅಪ್ಪ ಮೆಲ್ಲಗೆ “ಲೆಫ್ಟ್-ಲೆಫ್ಟ್” ಎಂದರು. ಕಾರು ಕೂದಲೆಳೆಯಷ್ಟು ಎಡಕ್ಕೆ ಸರಿದು, ನಿಂತಿದ್ದ ವ್ಯಾನನ್ನು ದಾಟಿತು. “ಸ್ಟೆಡಿ… ಸ್ಟೆಡಿ… ರೈಟ್.” ಬಲಕ್ಕೆ ಹೊರಳಿತು. ನನ್ನ ಕೈಯಲ್ಲಿ ಬರ್ಗರ್ ಸಾಲಿಗೆ ಹೋಗಿದ್ದ ಮಾತುಗಳು ಅಂಕಲ್ ಕೈಯಲ್ಲಿ ಬೆಣ್ಣೆಯಾಗಿದ್ದವು. ಇಬ್ಬರೂ ಮುಖ ನೋಡಿಕೊಳ್ಳುತ್ತಿರಲಿಲ್ಲ. ಇಬ್ಬರಿಗೂ ಇಪ್ಪತ್ತಾರರ ವಯಸ್ಸಿನ ದನಿ ಬಂದಿತ್ತು. ಭಯದ ನಡುವೆಯೂ ನನಗೆ ಎಂಥ ಸಂತೋಷವಾಯಿತೆಂದರೆ, ಈ ರಸ್ತೆ ಇನ್ನೂ ಸ್ವಲ್ಪ ಉದ್ದವಿರಲಿ ಅನ್ನಿಸಿತು.

ಮನೆಯ ತಿರುವಿನ ಹತ್ತಿರ ಅಪ್ಪ “ಸ್ಟಾಪ್!” ಎಂದು ಕೂಗಿದರು. ಅಂಕಲ್ ಬ್ರೇಕ್ ಒತ್ತಿದರು. ಕಾರಿನ ಮೂತಿಯ ಮುಂದೆಯೇ ಒಬ್ಬ ಹೆಂಗಸು, ಕೆಂಪು ಟೋಪಿ, ಮಗುವಿನ ಗಾಡಿ ತಳ್ಳುತ್ತಾ ರಸ್ತೆ ದಾಟಿ ಹೋದಳು. ನಮಗೆ ಕೈಯನ್ನೂ ಎತ್ತಿದಳು.

“ಗೋ” ಎಂದರು ಅಪ್ಪ. ಅವರ ದನಿ ಬದಲಾಗಿತ್ತು.

ಅಂಕಲ್ ಮನೆ ಮುಂದೆ ಸರಿಯಾಗಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗೆದ್ದವರ ಹಾಗೆ ಹಿಂದೆ ತಿರುಗಿ ನನ್ನನ್ನು ನೋಡಿದರು. “ನೋಡಿದ್ಯೇನಮ್ಮಾ? ಒಂದು ಗೀರಾದ್ರೂ ಆಯ್ತಾ? ನನ್ನ ಮಗಳಿಗೆ ಸ್ವಲ್ಪ ಹೇಳು.”

“ಸ್ಕಿಪ್ಪರ್” ಎಂದರು ಅಪ್ಪ. “ಆ ಹೆಣ್ಣಮಗಳ ಟೋಪಿ ಯಾವ ಬಣ್ಣದ್ದಿತ್ತು?”

“ಯಾವ ಹೆಣ್ಣುಮಗಳು?”

ಅಂಕಲ್ ಅಪ್ಪನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ತಾವು ಏನು ಹೇಳಿದೆವೆಂದು ಅವರಿಗೆ ಗೊತ್ತಾಗುತ್ತಿರುವುದು ನನಗೆ ಕಾಣುತ್ತಿತ್ತು. ಸ್ಟೀರಿಂಗ್ ಮೇಲಿದ್ದ ಅವರ ಕೈ ಜಾರಿ ತೊಡೆಯ ಮೇಲೆ ಬಿತ್ತು.

“ಮಗು ಇತ್ತಾ ಜೊತೇಲಿ?” ಬಹಳ ಸಣ್ಣ ದನಿಯಲ್ಲಿ ಕೇಳಿದರು.

“ಇತ್ತು. ನಾ ಕಂಡೆ. ನೀ ಕಾಣ್ಲಿಲ್ಲ.” ಅಪ್ಪ ಅಂಗೈ ಚಾಚಿದರು. “ಈ ಸಲ ಇನ್ನೊಂದು ರನ್ ಇಲ್ಲ, ಸ್ಕಿಪ್ಪರ್. ಕೀ ಕೊಡು.”

ಅಂಕಲ್ ಒಂದು ಮಾತೂ ಆಡಲಿಲ್ಲ. ಕೀ ತೆಗೆದು ಅಪ್ಪನ ಅಂಗೈಯಲ್ಲಿಟ್ಟರು, ಬಾಗಿಲು ತೆಗೆದು ಇಳಿದರು, ಮತ್ತೆ ಸದ್ದಾಗದ ಹಾಗೆ ಮುಚ್ಚಿದರು. ನೆಟ್ಟಗೆ ನಡೆದುಹೋಗಿ ಅಂಗಳದ ನಿಂಬೆ ಗಿಡದ ಎದುರು ನಿಂತರು. ಗಾಜಿನಾಚೆ ಅವರ ಬಿಳಿ ಮೀಸೆ ಮೇಲೆ ಕೆಳಗೆ ಆಡುವುದು ಕಾಣಿಸಿತು. ಗಿಡಕ್ಕೆ ಏನನ್ನೋ ಬಹಳ ವಿವರವಾಗಿ ಹೇಳುತ್ತಿದ್ದರು.

“ಅಪ್ಪಾ, ಅಂಕಲ್ ಏನೋ ಅಂತಿದ್ದಾರೆ” ಎಂದು ನಾನು ಬಾಗಿಲಿಗೆ ಕೈ ಹಾಕಿದೆ.

“ತೆಗೀಬ್ಯಾಡ” ಎಂದರು ಅಪ್ಪ. ಅವರ ಕೆನ್ನೆ ಒದ್ದೆಯಾಗಿತ್ತು, ನಗುತ್ತಲೂ ಇದ್ದರು. “ಮೈಕ್ ಆಫ್ ಅದ.”

ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಸ್ಕಿಪ್ಪರ್ ಪೂರ್ತಿ ಬೈದು ಮುಗಿಸುವವರೆಗೂ ಅಪ್ಪ ಕಾರಿನಿಂದ ಇಳಿಯಲಿಲ್ಲ.