ಒಂದೇ ಸಲ ಹೊಡೆದ ಕಾರ್ಬನ್

ಸರ್ಕಾರ ಜೀವವಿಮೆಯನ್ನೆಲ್ಲ ತನ್ನ ಕೈಗೆ ತೆಗೆದುಕೊಳ್ಳುವುದಕ್ಕೆ ಸ್ವಲ್ಪ ಮುಂಚಿನ ಮಾತು. ನಾನು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿಯೊಂದರ ಮಹಡಿಯ ಮೇಲಿದ್ದ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸಗಾರರಿಗೆ ಸಣ್ಣ ಮೊತ್ತದ ವಿಮೆ ಮಾಡಿಕೊಡುವ ಸಂಘ ಅದು. ಇಡೀ ಆಫೀಸಿಗೆ ಹೆಂಗಸು ಅಂತ ನಾನೊಬ್ಬಳೇ. ನಾನಿದ್ದದ್ದು ಭದ್ರಾವತಿಯಲ್ಲಿ, ಅಕ್ಕನ ಮನೆಯಲ್ಲಿ. ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ವಾಪಸು. ರೈಲಿನಲ್ಲಿ ಯಾರಾದರೂ "ಹೆಣ್ಣುಮಕ್ಳಿಗೆ ಯಾಕಮ್ಮ ಈ ಕೆಲ್ಸ" ಎಂದರೆ, ಅವರು ಇಳಿದು ಹೋಗುವ ತನಕ ನಾನು ಬಿಡುತ್ತಿರಲಿಲ್ಲ. ಈಗಲೂ ಬಿಡುವವಳಲ್ಲ, ಕೇಳುವವರಿಲ್ಲ ಅಷ್ಟೆ.

ಕೆಲವು ವರ್ಷಗಳಿಗೊಮ್ಮೆ ನಮ್ಮ ಸಂಘಕ್ಕೂ ಪರೀಕ್ಷೆ ಬರುತ್ತಿತ್ತು. ಮದರಾಸಿನ ವಿಮಾ ಗಣಿತದವರೊಬ್ಬರು ನಮ್ಮ ಸದಸ್ಯರ ವಯಸ್ಸು, ಕೆಲಸ, ಆರೋಗ್ಯ ಎಲ್ಲ ನೋಡಿ, ಸಂಘ ಕೊಟ್ಟ ಮಾತನ್ನು ಮುಂದೆ ನಡೆಸಿಕೊಡಬಲ್ಲದೇ ಎಂದು ಲೆಕ್ಕ ಹಾಕುತ್ತಿದ್ದರು. ಅವರ ಕೈಬರಹದ ವರದಿಯನ್ನು ನಾನು ಚೊಕ್ಕವಾಗಿ ಟೈಪ್ ಮಾಡಬೇಕು, ಅದು ಸರ್ಕಾರದ ವಿಮಾ ನಿಯಂತ್ರಕರಿಗೆ ಹೋಗಬೇಕು. ಆ ವರ್ಷ ವರದಿ ಬಂದ ದಿನ ನಮ್ಮ ಕಾರ್ಯದರ್ಶಿಗಳು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ನೋಡಮ್ಮ, ಇದು ಮದರಾಸಿನೋರು, ನಾನು, ನೀನು, ಆಮೇಲೆ ಸರ್ಕಾರ. ಇನ್ನೊಬ್ರ ಕಣ್ಣಿಗೆ ಬೀಳಬಾರ್ದು. ಜನ ನಮ್ಮನ್ನ ನಂಬಿ ಡಾಕ್ಟ್ರ ಮುಂದೆ ಅಂಗಿ ಬಿಚ್ಚಿದಾರೆ."

ವರದಿಯ ಕೊನೆಗೆ, ಹಿಂದೆ ದೊಡ್ಡ ಕಾಯಿಲೆ ಬಿದ್ದು ಎದ್ದವರ ಒಂದು ಪಟ್ಟಿ ಇತ್ತು. ಹೆಸರಿರಲಿಲ್ಲ. ವಯಸ್ಸು, ಕೆಲಸ, ಕಾಯಿಲೆ ಇಷ್ಟೇ. ಮದರಾಸಿನಲ್ಲಿ ಕೂತವರಿಗೆ ಹೆಸರಿಲ್ಲದಿದ್ದರೆ ಗುಟ್ಟು ಉಳಿದಂತೆಯೇ. ಭದ್ರಾವತಿಯಲ್ಲಿ ಹಾಗಲ್ಲ, ಯಾರ ವಯಸ್ಸೆಷ್ಟು, ಯಾರು ಯಾವ ಷೆಡ್ಡು ಎಂದು ಬೀದಿಯ ನಲ್ಲಿಯ ಹತ್ತಿರ ನಿಂತವರಿಗೆಲ್ಲ ಗೊತ್ತು. ಟೈಪ್ ಮಾಡುತ್ತಾ ಹೋದವಳಿಗೆ ಒಂದು ಸಾಲಿನ ಮೇಲೆ ಬೆರಳು ನಿಂತಿತು. ಎರಕದ ಕೆಲಸಗಾರ, ಮೂವತ್ತಮೂರು ವಯಸ್ಸು, ಮದುವೆಗೆ ಮುಂಚೆ ಎದೆಯ ಕಾಯಿಲೆ, ಈಗ ಪೂರ್ತಿ ಗುಣ. ನಮ್ಮ ಸದಸ್ಯರಲ್ಲಿ ಎರಕದವರೇ ಬೆರಳೆಣಿಕೆ, ಅದರಲ್ಲಿ ಆ ವಯಸ್ಸಿನವರು ಒಬ್ಬರೇ. ನನ್ನ ಭಾವ.

ಅಕ್ಕನಿಗೆ ಇದು ಗೊತ್ತಿರಲಿಲ್ಲ ಎಂದು ನನಗೆ ಖಾತರಿಯಿತ್ತು. ಗೊತ್ತಿದ್ದರೆ ನನಗೆ ಹೇಳದೆ ಇರುತ್ತಿದ್ದಳೇ? ಅವಳೂ ನಾನೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಅಂದು ಸಂಜೆ ಅವಳು ಭಾವನಿಗೆ ರೊಟ್ಟಿ ಬಡಿಸುವುದನ್ನು ನೋಡುತ್ತಾ ನನಗೆ ಅಳು ಬಂತು. ಸಾರು ಖಾರ ಎಂದು ಸುಳ್ಳು ಹೇಳಿದೆ.

ಭಾವ ದುಡಿಯುತ್ತಿದ್ದದ್ದು ಒಬ್ಬ ಲೇಬರ್ ಕಂಟ್ರಾಕ್ಟರನ ಕೈಕೆಳಗೆ. ಹೊಸದಾಗಿ ಏಳುತ್ತಿದ್ದ ಎರಕದ ಷೆಡ್ಡಿಗೆ ಅವನು ಆಳು ಆರಿಸುತ್ತಿದ್ದ, ಅಲ್ಲಿ ಸೇರಿದವರಿಗೆ ವರ್ಷಪೂರ್ತಿ ಕೆಲಸ. ಸೇರದವರು ಸುಗ್ಗಿಯ ಕೂಲಿಗೆ ಆಯನೂರಿನ ಕಡೆ ಹೋಗಬೇಕಷ್ಟೆ. ಕಾಯಿಲೆ ಬಿದ್ದೆದ್ದವರನ್ನು ಮೊದಲೇ ಕಿತ್ತುಹಾಕಿದರೆ ಆಮೇಲೆ ತಲೆನೋವಿಲ್ಲ ಎಂದು ಅವನ ಎಣಿಕೆ. ಅಂಥ ಪಟ್ಟಿ ನಮ್ಮಲ್ಲಿದೆ ಎಂದು ಅವನಿಗೆ ಯಾರು ಊದಿದರೋ ಕಾಣೆ. ಕಾರ್ಯದರ್ಶಿಗಳ ಹತ್ತಿರ ಬೇಳೆ ಬೇಯದೆ, ರೈಲ್ವೆ ಸ್ಟೇಷನ್ನಿನಲ್ಲಿ ನನ್ನನ್ನು ಹಿಡಿದ.

"ನಾನೇನು ನಿಮ್ಮ ಖಜಾನೆ ಬೀಗ ಕೇಳಿದ್ನೇನಮ್ಮ? ಎದೆ ಕಾಯಿಲೆಯೋರು ಯಾರ್ಯಾರು, ಅಷ್ಟು ಹೇಳು ಸಾಕು."

"ಅದು ಸರ್ಕಾರಕ್ಕೆ ಹೋಗೋ ಕಾಗದ. ನಿಮಗಲ್ಲ."

"ನಿಮ್ಮ ಭಾವನೂ ನನ್ನ ಆಳೇ ಅಲ್ವಾ? ನೀನು ಹೇಳಿದ್ರೆ ಹೊಸ ಷೆಡ್ಡಿಗೆ ಅವನನ್ನೇ ಮೊದ್ಲು ಸೇರಿಸ್ಕೋತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಅದರ ಜೊತೆಗೇ ನಗುವೂ ಒತ್ತಿಕೊಂಡು ಬಂತು, ಅದನ್ನು ತಡೆಯುವುದೇ ಕಷ್ಟವಾಯಿತು. "ಸೇರಿಸ್ಕೊಳೋದು ಬಿಡೋದು ಅವರ ಕೈ ಕೆಲ್ಸ ನೋಡಿ ಮಾಡಿ" ಎಂದು ಹೇಳಿ ರೈಲು ಹತ್ತಿದೆ.

ಆಮೇಲಿನ ಭಾನುವಾರ ಕಂಟ್ರಾಕ್ಟರನ ಹೆಂಡತಿ ಮನೆಗೆ ಬಂದರು. ಸಾಧು ಹೆಂಗಸು, ಗಂಡನ ವ್ಯವಹಾರ ಏನೂ ತಿಳಿಯದು. ದಿಂಬಿನ ಕವರಿಗೆ ಕಸೂತಿ ಹಾಕಬೇಕು, ಕಾರ್ಬನ್ ಬೇಕು ಎಂದರು. ಅದೇನೂ ಹೊಸತಲ್ಲ. ಆಫೀಸಿನಲ್ಲಿ ಬಳಸಿ ಮುಗಿದ ಕಾರ್ಬನ್ ಹಾಳೆಗಳನ್ನು ನಾನು ಮನೆಗೆ ತರುವುದು, ಕೇರಿಯ ಹೆಂಗಸರು ಅದನ್ನು ಬಟ್ಟೆಯ ಮೇಲಿಟ್ಟು ಹೂವು ಬಳ್ಳಿ ಇಳಿಸಿಕೊಳ್ಳುವುದು ಆಗಿನ ರೂಢಿ. ನಾನು ಎದ್ದು ಹಳೆಯ ಕಾರ್ಬನ್ ತಂದುಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ಮುಖ ಸಣ್ಣದು ಮಾಡಿದರು.

"ಇದಲ್ಲಮ್ಮ. ಈಚೆಗೆ ಬಳಸಿದ್ದು ಬೇಕಂತೆ, ಒಂದೇ ಸಲ ಹೊಡೆದದ್ದು. ನಮ್ಮ ಯಜಮಾನ್ರು ಒತ್ತಿ ಹೇಳಿ ಕಳ್ಸಿದಾರೆ."

ಅಕ್ಕ ನಕ್ಕುಬಿಟ್ಟಳು. "ಅಯ್ಯೋ ಮಾರಾಯ್ತಿ, ಹೊಸ ಕಾರ್ಬನ್ ಇಟ್ರೆ ದಿಂಬೆಲ್ಲ ಮಸಿಯಾಗುತ್ತೆ. ಸವೆದಿದ್ದೇ ಅಲ್ವಾ ಕಸೂತಿಗೆ ಒಳ್ಳೇದು? ಗಂಡಸ್ರಿಗೇನು ಗೊತ್ತು."

ನನ್ನ ಕಿವಿ ನೆಟ್ಟಗಾಯಿತು. ಸವೆದ ಕಾರ್ಬನ್ನಿನಲ್ಲಿ ಅಕ್ಷರದ ಮೇಲೆ ಅಕ್ಷರ ಬಿದ್ದು ಏನೂ ತಿಳಿಯದು. ಒಂದೇ ಸಲ ಹೊಡೆದದ್ದನ್ನು ಬೆಳಕಿಗೆ ಹಿಡಿದರೆ ಸಾಲು ಸಾಲೇ ಓದಬಹುದು. ಸರ್ಕಾರದ ಕಾಗದ ಅಂದವಾಗಿರಲಿ ಎಂದು ನಾನು ಆ ವರದಿಯ ಪುಟಪುಟಕ್ಕೂ ಹೊಸ ಕಾರ್ಬನ್ ಹಾಕಿದ್ದೆ. ವರದಿ ಬೀರುವಿನಲ್ಲಿ ಬೀಗದೊಳಗಿತ್ತು. ಕಾರ್ಬನ್ನುಗಳು, ಇನ್ನೂ ಬಳಕೆಗೆ ಬರುತ್ತವಲ್ಲ ಎಂದು, ಮೇಜಿನ ಖಾನೆಯಲ್ಲಿದ್ದವು. ಆಸಾಮಿ ಕಸೂತಿ ಹಾಕಿದವನಲ್ಲ, ಅದಕ್ಕೇ ಸಿಕ್ಕಿಬಿದ್ದ. "ನಾಳೆ ಸಂಜೆ ಬನ್ನಿ, ಕೊಡ್ತೀನಿ" ಎಂದೆ.

ಸೋಮವಾರ ಎಲ್ಲವನ್ನೂ ಕಾರ್ಯದರ್ಶಿಗಳಿಗೆ ಹೇಳಿದೆ. ಇಬ್ಬರೂ ಆ ಹಾಳೆಗಳನ್ನು ಒಯ್ದು ಪಕ್ಕದ ಹೋಟೆಲಿನ ಒಲೆಗೆ ಹಾಕಿದೆವು. ಮಾಣಿ ಕಾಫಿಗೆ ಹೊಗೆ ಹಿಡಿಯುತ್ತದೆ ಎಂದು ಗೊಣಗಿದ. ವಾಪಸು ಬಂದು ಅವರ ಒಪ್ಪಿಗೆ ಪಡೆದು ಒಂದು ಹೊಸ ಕಾರ್ಬನ್ ಇಟ್ಟು ಕಂಟ್ರಾಕ್ಟರನಿಗೆ ಒಂದು ಕಾಗದ ಹೊಡೆದೆ. ನಮ್ಮದು ಇಂಗ್ಲಿಷ್ ಟೈಪ್‌ರೈಟರು; ಅಷ್ಟು ಮರ್ಯಾದೆಯ ಇಂಗ್ಲಿಷನ್ನು ನಾನು ಅದಕ್ಕೆ ಮುಂಚೆ ಹೊಡೆದಿರಲಿಲ್ಲ. "ಮಾನ್ಯರೇ, ತಾವು ಹುಡುಕುತ್ತಿರುವ ವಿವರಗಳು ವಿಮಾ ನಿಯಂತ್ರಕರಿಗೆ ಮಾತ್ರ ಸಲ್ಲುತ್ತವೆ. ತಾವು ಅವನ್ನು ಹೇಗೆ ಕೇಳಿದಿರಿ ಎಂಬುದನ್ನು ಅವರಿಗೂ ಕಾರ್ಖಾನೆಯ ಮೇಲಧಿಕಾರಿಗಳಿಗೂ ತಿಳಿಸಲು ನಮಗೆ ಅಡ್ಡಿಯೇನೂ ಇಲ್ಲ. ತಮ್ಮ ಶ್ರೀಮತಿಯವರ ದಿಂಬಿಗೆ ಶುಭವಾಗಲಿ." ಕೊನೆಯ ಸಾಲು ನನ್ನದು. ಕಾರ್ಯದರ್ಶಿಗಳು ಅದನ್ನು ಬೇಡವೆಂದರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಾ ಇರಲಿ ಬಿಡು ಎಂದರು. ಆ ಕಾರ್ಬನ್ನನ್ನು ಸಂಜೆ ಆಕೆಯ ಕೈಯಲ್ಲಿ ಕೊಟ್ಟೆ. ಸವೆದದ್ದನ್ನೂ ನಾಲ್ಕು ಹಾಳೆ ಕೊಟ್ಟೆ, ಪಾಪ, ಅವರ ಕಸೂತಿ ಯಾಕೆ ಕೆಡಬೇಕು.

ಅವರೇ ಆಮೇಲೆ ಅಕ್ಕನ ಹತ್ತಿರ ಹೇಳಿದರಂತೆ, ಯಜಮಾನರು ಕಾರ್ಬನ್ ಹಿಡಿದು ಕಿಟಕಿಯ ಹತ್ತಿರ ನಿಂತವರು ಊಟಕ್ಕೆ ಕರೆದರೂ ಅಲ್ಲಿಂದ ಕದಲಲಿಲ್ಲ ಎಂದು. ಆ ಮನುಷ್ಯ ಮತ್ತೆ ನಮ್ಮ ಮೆಟ್ಟಿಲು ತುಳಿಯಲಿಲ್ಲ. ಸ್ಟೇಷನ್ನಿನಲ್ಲಿ ಕಂಡರೆ ಆ ಕಡೆಯ ಬಾಗಿಲಿನಿಂದ ಹತ್ತುತ್ತಿದ್ದ. ವರದಿ ರಿಜಿಸ್ಟರ್ಡ್ ಅಂಚೆಯಲ್ಲಿ ಸರ್ಕಾರಕ್ಕೆ ಹೋಯಿತು. ಹೊಸ ಷೆಡ್ಡಿಗೆ ಕೈಕೆಲಸ ನೋಡಿಯೇ ಆಳು ಆರಿಸಿದರು, ಭಾವನಿಗೆ ಕೆಲಸ ಸಿಕ್ಕಿತು. ನಾನು ಆ ಸಂಜೆ ಗಾಂಧಿ ಬಜಾರಿನ ಉದ್ದಕ್ಕೂ ರಾಣಿಯ ಗತ್ತಿನಲ್ಲಿ ನಡೆದೆ.

ಕೆಲಸಕ್ಕೆ ಹೊರಡುವ ಮೊದಲ ದಿನ ಭಾವ ತಿಂಡಿಗೆ ಕೂತಾಗ ತಾವಾಗಿಯೇ ಅಕ್ಕನಿಗೆ ತಮ್ಮ ಹಳೆಯ ಕಾಯಿಲೆಯ ಸಂಗತಿ ಹೇಳಿದರು. ಭಯವಾಗಿ ಮುಚ್ಚಿಟ್ಟಿದ್ದೆ, ಈಗ ಪೂರ್ತಿ ಗುಣವಾಗಿದೆ ಎಂದರು. ಅಕ್ಕ ಅತ್ತಳು, ಬೈದಳು, ಅವರ ಡಬ್ಬಿಗೆ ಇನ್ನೊಂದು ರೊಟ್ಟಿ ಹಾಕಿ ಕಳಿಸಿದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಇವರ ವಿಮೆ ನಿಮ್ಮ ಆಫೀಸಲ್ಲೇ ಅಲ್ವಾ? ನಿನಗೆ ಗೊತ್ತಿತ್ತು."

ನಾನು ಗೊತ್ತಿತ್ತು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ತಲೆ ಬಾಚಿಕೊಳ್ಳುತ್ತಾ ನಿಂತೆ.

"ನನ್ನ ಹತ್ರಾನೂ ಹೇಳಲಿಲ್ಲ."

"ಅವರೇ ಹೇಳಿದ್ರಲ್ಲ ಅಕ್ಕ."

ಅವಳು ಬೆನ್ನು ತಿರುಗಿಸಿ ಕೂತು ತಿಂಡಿಯ ತಟ್ಟೆ ತೊಳೆಯತೊಡಗಿದಳು. ಮುನಿಸಿಕೊಂಡಳು ಎಂದುಕೊಂಡು ನಾನು ಚಪ್ಪಲಿ ಮೆಟ್ಟಿದೆ, ರೈಲಿಗೆ ಹೊತ್ತಾಗಿತ್ತು. ಅವಳು ಎದ್ದು ಬಂದು ಬೀದಿಯ ಬಾಗಿಲು ಹಾಕಿದಳು.

"ಇವತ್ತು ರೈಲು ಹೋದ್ರೆ ಹೋಗ್ಲಿ. ಕೂತ್ಕೋ. ಅಮ್ಮಂಗೂ ಹೇಳದೆ ಇರೋದು ಒಂದಿದೆ, ನಿಂಗೆ ಹೇಳ್ತೀನಿ."

ನಾನು ಕೂತೆ. ಅವಳು ಹೇಳಿದಳು. ಅದೇನೆಂದು ಇಲ್ಲಿ ಬರೆಯುವುದಿಲ್ಲ.