ಉ ಅಂದರೆ ಉದ್ದ

ಜೇವರ್ಗಿಯಲ್ಲಿ ಇಪ್ಪತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ನಾನು ಹೊಲಿದ ಬ್ಲೌಸನ್ನು ಸಡಿಲ, ಬಿಗಿ ಎಂದು ವಾಪಸ್ ತಂದವರನ್ನು ಬೆರಳಲ್ಲಿ ಎಣಿಸಬಹುದು. ಅಂಥ ನನಗೆ ಹೊಲಿಗೆ ಕಲಿಸುವ ಕೇಂದ್ರದ ಮೇಡಂ, "ಹತ್ತನೇ ಕ್ಲಾಸ್ ಪಾಸಾದ ಸರ್ಟಿಫಿಕೇಟ್ ತರ್ರಿ, ಟೀಚರ್ ಕೆಲಸ ನಿಮಗೇ ಕೊಡ್ತೀವಿ" ಅಂದರು. ಹುಡುಗಿಯಾಗಿದ್ದಾಗ ಗಣಿತವೊಂದರಲ್ಲಿ ನಪಾಸಾಗಿದ್ದೆ. ನಲವತ್ತರ ಹತ್ತಿರ ಬಂದು ಮತ್ತೆ ಅದೇ ಪರೀಕ್ಷೆಗೆ ಕೂರಬೇಕಾಯಿತು. ನನ್ನ ಕರ್ಮ!

ಡಿಗ್ರಿ ಓದುವ ಪಕ್ಕದ ಮನೆಯ ಹುಡುಗಿ ಸಂಜೆ ಬಂದು ಹೇಳಿಕೊಡುತ್ತಿದ್ದಳು. ಎರಡು ಸಂಖ್ಯೆಗಳ ಮೊತ್ತ ಏಳು, ಗುಣಲಬ್ಧ ಹನ್ನೆರಡು, ಅವು ಯಾವುವು ಎಂದು ಒಂದು ದಿನ ಕೇಳಿದಳು. ಗುಂಡಿ ಹಚ್ಚುತ್ತಲೇ, "ಮೂರು, ನಾಕು" ಅಂದೆ.

"ಉತ್ತರ ಬರೋಬ್ಬರಿ ಅದರಿ ಅಕ್ಕಾ. ಆದ್ರ ಎಕ್ಸ್ ಎಲ್ಲಿ? ಒಂದು ಸಂಖ್ಯಾ ಎಕ್ಸ್ ಅಂತ ಹಿಡೀಬೇಕ್ರಿ."

"ಉತ್ತರ ಸಿಕ್ಕ ಮ್ಯಾಲ ಮತ್ಯಾಕ ಬೇ ಎಕ್ಸ್?"

"ದೊಡ್ಡ ಸಂಖ್ಯಾ ಬಂದ್ರ ಏನ್ ಮಾಡ್ತೀರಿ?"

ಮೈ ಉರಿಯಿತು. ಆ ಎಕ್ಸ್ ಕಂಡರೇ ನನಗೆ ಆಗುತ್ತಿರಲಿಲ್ಲ. ಶಾಲೆಯಲ್ಲಿ ನನ್ನ ಪಾಟಿಯ ಮೇಲೆ ತಪ್ಪೆಂದು ಹಾಕುತ್ತಿದ್ದ ಗುರುತೂ ಅದೇ, ಗುಣಿಸುವ ಗುರುತೂ ಅದೇ, ಈಗ ಗೊತ್ತಿಲ್ಲದ ಸಂಖ್ಯೆಯೂ ಅದೇ! ವಾರಗಟ್ಟಲೆ ತಲೆ ಚಚ್ಚಿಕೊಂಡೆ. ನೋಟ್‌ಬುಕ್ಕನ್ನು ಎರಡು ಸಲ ಗೋಡೆಗೆ ಎಸೆದೆ.

ಕೊನೆಗೆ ಅವಳೇ ಸೋತು, "ಯಾವ ಅಕ್ಷರ ಹಿಡಿದ್ರೂ ನಡೀತದ್ರಿ, ಯಾರ ಗಂಟೇನೂ ಹೋಗಂಗಿಲ್ಲ" ಅಂದಳು. ನನ್ನ ಅಳತೆ ಪುಸ್ತಕದಲ್ಲಿ ಎದೆಗೆ ಎ, ತೋಳಿಗೆ ತೋ, ಉದ್ದಕ್ಕೆ ಉ. ಉ ಎಂದೇ ಹಿಡಿದೆ. ಏಳು ಮೀಟರ್ ಬಟ್ಟೆಯಲ್ಲಿ ಉ ಕತ್ತರಿಸಿದರೆ ಉಳಿಯುವ ತುಂಡು ಏಳು ಕಳೆ ಉ. ಎರಡನ್ನೂ ಗುಣಿಸಿದರೆ ಹನ್ನೆರಡು. ಅಯ್ಯ, ಇಷ್ಟೇನಾ! ಆಮೇಲೆ ಎಷ್ಟು ದೊಡ್ಡ ಸಂಖ್ಯೆ ಕೊಟ್ಟರೂ ಬಿಡಿಸತೊಡಗಿದೆ.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಮೊತ್ತ ಇಪ್ಪತ್ಮೂರು, ಗುಣಲಬ್ಧ ನೂರಾ ಇಪ್ಪತ್ತಾರು, ಮೂರು ಅಂಕ. ಉ ಹಿಡಿದು ಸರಸರ ಮಾಡಿದೆ. ಒಂಬತ್ತು, ಹದಿನಾಲ್ಕು. ಕೊನೆಯ ಐದು ನಿಮಿಷ ಉಳಿದಾಗ ಹೆದರಿಕೆ ಹೊಕ್ಕಿತು. ಪೇಪರ್ ನೋಡುವವರು ಈ ಬ್ಲೌಸಿನ ಅಕ್ಷರ ಕಂಡು ನಕ್ಕು ಸೊನ್ನೆ ಸುತ್ತಿದರೆ? ಮೇಲಿನ ಸಾಲಿನಿಂದ ಹಿಡಿದು ಒಂದೊಂದು ಉ ಮೇಲೂ ಪೆನ್ನು ಒತ್ತಿ ಎಕ್ಸ್ ತಿದ್ದುತ್ತ ಬಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಎರಡೇ ಅಂಕ ಕಡಿಮೆ ಬಿದ್ದು ನಪಾಸಾದೆ. ಟೀಚರ್ ಕೆಲಸಕ್ಕೆ ನನ್ನ ಹತ್ತಿರವೇ ಕತ್ತರಿ ಹಿಡಿಯಲು ಕಲಿತವಳು ಸೇರಿದಳು. ಸಿಟ್ಟಿಗೆ ಎರಡು ದಿನ ಅನ್ನ ಸೇರಲಿಲ್ಲ.

ಉತ್ತರಪತ್ರಿಕೆಯ ನಕಲು ತರಿಸಿ ಆ ಹುಡುಗಿಯ ಜೊತೆ ಕೂತು ನೋಡಿದೆ. ತಿದ್ದಿದ ಸಾಲುಗಳಲ್ಲಿ ಯಾವುದು ಎಕ್ಸ್, ಯಾವುದು ಗುಣಿಸುವ ಗುರುತು, ಯಾವುದು ಚಿತ್ತು ಎಂದು ನನಗೇ ತಿಳಿಯಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಅಸ್ಪಷ್ಟ' ಎಂದು ಬರೆದು ಆ ಸಾಲುಗಳಿಗೆ ಸೊನ್ನೆ ಕೊಟ್ಟಿದ್ದರು. ಕೊನೆಯ ಸಾಲನ್ನು ತಿದ್ದಲು ಮಾತ್ರ ನನಗೆ ಸಮಯ ಸಿಕ್ಕಿರಲಿಲ್ಲ. ಅಲ್ಲಿ ಉ ಹಾಗೇ ಇತ್ತು. ಅದರ ಮುಂದೆ ಸರಿ ಗುರುತು, ಒಂದು ಅಂಕ.