ಗಾಜಿನ ಮೇಲಿನ ಮಣ್ಣು

ಆಗ ನನಗೆ ಐವತ್ತೆರಡು. ಹತ್ತು ವರ್ಷದ ಹಿಂದಿನ ಮಾತು. ಹೈದರಾಬಾದಿನ ಒಂದು ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದ ಹೆಣದ ಮೇಲೆ ಮಣ್ಣು ಹಾಕಿದವಳು ನಾನು. ಮೆಹಬೂಬಿ ಅಲ್ಲ. ಊರೆಲ್ಲ ಆಕೆಯ ಹೆಸರು ಹೇಳಿತು. ನಾನು ಹೇಳಲು ಬಿಟ್ಟೆ.

ಮೆಹಬೂಬಿಗೆ ಓದಲು ಬರುವುದಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂತೇ ಎಂದು ನೀವು ಕೇಳಿದರೆ — ಹೌದು, ಅದೂ ಇರಬಹುದು.

ತಾವರಗೇರಾ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾವಿಬ್ಬರೂ ಬಿಸಿಯೂಟದ ಅಡುಗೆಯವರು. ಆಕೆ ನನಗಿಂತ ಚಿಕ್ಕವಳು. ಗಂಡ ಇರಲಿಲ್ಲ, ಒಬ್ಬಳೇ ಮಗಳು. ಬಾಯಿ ಮಾತ್ರ ಭಾಳ ಜೋರು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ದಾರಿಯಲ್ಲಿ ಅನ್ನ ಬೇಯಿಸಲೆಂದು ನಮ್ಮನ್ನೂ ಬಸ್ಸು ಹತ್ತಿಸಿದರು.

ಮ್ಯೂಸಿಯಂನ ಆ ಕೋಣೆ ತಣ್ಣಗಿತ್ತು. ಈಜಿಪ್ಟ್ ದೇಶದ ಮಮ್ಮಿ ಎಂದರು. ಕರಿದಾದ ಬಟ್ಟೆ ಸುತ್ತಿದ ಸಣ್ಣ ದೇಹ, ಕಾಲ್ಬೆರಳು ಹೊರಗೆ. ಮಕ್ಕಳು ಗಾಜಿಗೆ ಮೂಗು ಒತ್ತಿದರು, ನಕ್ಕರು, ಫೋಟೊ ತೆಗೆಸಿಕೊಂಡರು.

ಮೆಹಬೂಬಿ ನನ್ನ ಪಕ್ಕೆಗೆ ತಿವಿದಳು. "ಹುಲಿಗೆಕ್ಕಾ, ನೋಡಬೇ, ನಿನ್ನಂಗ ಒಣಗ್ಯಾಳ. ನೀನೂ ಇಲ್ಲೇ ಮಲಕೊಂಡ್ರ ದಿನಾ ಮಂದಿ ಟಿಕೆಟ್ ತಗಸ್ಕೊಂಡು ಬರತಾರ."

"ನಿನ್ನ ಬಾಯಾಗ ಮಣ್ಣ ಹಾಕ," ಅಂದೆ.

ಇದನ್ನು ಮಣ್ಣಿಗೆ ಯಾವಾಗ ಇಡುತ್ತಾರೆ ಎಂದು ಮೆಹಬೂಬಿಯಿಂದ ಕೇಳಿಸಿದೆ. ಮ್ಯೂಸಿಯಂ ತೋರಿಸುವ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ. ಆಕೆಯೇ ತನ್ನ ಉರ್ದುವಿನಲ್ಲಿ ಕೇಳಿ ನನಗೆ ಹೇಳಿದಳು: "ಇಡಂಗಿಲ್ಲಂತಬೇ. ಜನಾ ನೋಡಬೇಕಂತ. ಲಗ್ನ ಆಗಲಾರದ ಹುಡಿಗಿ ಅಂತ, ಪಾಪ."

ನಮ್ಮಲ್ಲಿ ಹೂಳುತ್ತಾರೆ, ಮೆಹಬೂಬಿಯವರಲ್ಲೂ ಹೂಳುತ್ತಾರೆ. ಹೆಣದ ಮುಂದೆ ನಿಂತವರು ಹಿಡಿ ಮಣ್ಣು ಕೊಡದೆ ಮನೆಗೆ ಬರುವುದಿಲ್ಲ. ನನಗೆ ಕರುಣೆ ಬಂತು ಎಂದು ಬರೆಯಲಾರೆ. ಹೆದರಿಕೆ ಬಂತು. ಮನೆಯಲ್ಲಿ ಸೊಸೆ ತುಂಬಿದ ಬಸುರಿ. ಸಾವಿರಾರು ವರ್ಷದಿಂದ ಮಣ್ಣು ಕಾಣದ ಹುಡುಗಿಯನ್ನು ನೋಡಿ, ಮಣ್ಣು ಕೊಡದೆ ಮನೆಯ ಹೊಸ್ತಿಲು ದಾಟಿದರೆ —

ಮಕ್ಕಳು ಆ ಹುಡುಗನ ಹಿಂದೆ ಮುಂದಿನ ಕೋಣೆಗೆ ಹೋಗಿದ್ದರು. ಬಾಗಿಲ ಬಳಿ ಹೂವಿನ ಕುಂಡವಿತ್ತು. ಹಿಡಿ ತುಂಬ ತೆಗೆದು ಹಾಕಿಬಿಟ್ಟೆ. ಹಸಿ ಮಣ್ಣು, ಹುಡುಗಿಯ ಮುಖದ ಮೇಲೆ ಗಾಜಿಗೆ ಅಂಟಿತು.

"ಯಾ ಅಲ್ಲಾ! ಏನ್ ಮಾಡಿದಿಬೇ? ಸರಿ ಅತ್ಲಾಗ!" ಮೆಹಬೂಬಿ ನನ್ನನ್ನು ತಳ್ಳಿ, ಸೆರಗಿನಿಂದ, ಬರಿಗೈಯಿಂದ ಒರೆಸತೊಡಗಿದಳು. ಒರೆಸಿದಷ್ಟೂ ಹರಡಿತು. ಕಾವಲಿನವನು ಒಳಗೆ ಬಂದದ್ದು ಆಗ. ಆಕೆಯ ಎರಡೂ ಕೈ ಕೆಸರು. ನನ್ನ ಕೈಯನ್ನು ನಾನು ಸೀರೆಯ ನೆರಿಗೆಯಲ್ಲಿ ಆಗಲೇ ಒರೆಸಿಕೊಂಡಿದ್ದೆ.

ಅವನ ಕೂಗಿಗೆ ಹೆಡ್ ಮಾಸ್ತರರು ಓಡಿಬಂದರು. ಕಾವಲಿನವನು ಪೊಲೀಸರನ್ನು ಕರೆಯುತ್ತೇನೆ ಎನ್ನುತ್ತಿದ್ದ. ಯಾರು ಮಾಡಿದ್ದು ಎಂದು ಮಾಸ್ತರರು ಕೇಳಿದರು. ಮೆಹಬೂಬಿ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ನಾನು ಹೇಳುತ್ತೇನೆ ಎಂದು ಕಾದಳು — ಅಷ್ಟೇ.

"ಹುಲಿಗೆವ್ವಾ, ನೀ ನೋಡಿದ್ಯಾ?"

"ನಾ ಈ ಕಡಿ ಇದ್ನಿರಿ ಸರ್. ನಾ ನೋಡಿಲ್ರಿ."

ಮಾಸ್ತರರು ಕೈಮುಗಿದು ಬೇಡಿಕೊಂಡು ನಮ್ಮನ್ನು ಬಿಡಿಸಿಕೊಂಡು ಬಂದರು. ಬಸ್ಸಿನಲ್ಲಿ ನಾನು ಮುಂದೆ, ಆಕೆ ಹಿಂದೆ. ಹಿಂದಿನಿಂದ ಆಕೆಯ ದನಿ ಕೇಳಿದಾಗಲೆಲ್ಲ — ಈಗ ಹೇಳುತ್ತಾಳೆ, ಈಗ ಹೇಳಿಯೇ ಬಿಡುತ್ತಾಳೆ. ಮಕ್ಕಳ ಬಾಯಲ್ಲಿ ಆಗಲೇ ಮಾಟ ಎಂಬ ಮಾತು ಬಂದಿತ್ತು. ಸಿಂಧನೂರು ದಾಟಿದ ಮೇಲೆ ಮಾಸ್ತರರು ಎದ್ದು ಹೋಗಿ ಆಕೆಗೆ ಹೇಳಿದರು: "ನಾಳಿಂದ ಅಡಗಿಗೆ ಬರಬ್ಯಾಡವಾ. ಹೆಣಕ್ಕ ಮಣ್ಣ ಹಾಕಿದ ಕೈ. ಮಕ್ಕಳ ತಾಯಂದ್ರು ಉಣ್ಣಾಕ ಬಿಡಂಗಿಲ್ಲ."

"ಆತ್ರಿ ಸರ್," ಅಂದಳು. ಯಾಕೆ ಹೇಳಲಿಲ್ಲ? ಇವತ್ತಿಗೂ ಗೊತ್ತಿಲ್ಲ. ನಾನು ಕೇಳಿಲ್ಲ.

ಊರಲ್ಲಿ ಇಳಿಯುವಾಗ ನನ್ನ ಸೀಟಿನ ಬಳಿ ನಿಂತಳು. "ನಮ್ಮಾಗ ಹೆಣಕ್ಕ ಮೂರ ಹಿಡಿ ಹಾಕಬೇಕಬೇ ಅಕ್ಕಾ. ಒಂದು ಆಕಿಗೆ ಹಾಕಿದಿ, ಒಂದು ನನಗ ಹಾಕಿದಿ. ಇನ್ನೊಂದು ಉಳದೈತಿ ನೋಡ."

ಆ ಮೂರನೆಯ ಹಿಡಿ ಯಾರಿಗೆ? ಸೊಸೆಗೆ ನೋವು ಬಂದಾಗ ಅದೇ ನೆನಪು. ಹುಟ್ಟಿದ ಕೂಸಿಗೆ ಮೈ ಬಿಸಿಯಾದಾಗಲೆಲ್ಲ ಅದೇ. ಮೊಮ್ಮಗ ಗಟ್ಟಿಯಾಗಿದ್ದಾನೆ, ಶಾಲೆಗೆ ಹೋಗುತ್ತಾನೆ. ಆದರೂ ಅವನು ಮನೆಗೆ ಬರುವುದು ತುಸು ತಡವಾದರೆ ನಾನು ಕಟ್ಟೆಗೆ ಬಂದು ನಿಲ್ಲುತ್ತೇನೆ.

ಮೆಹಬೂಬಿ ಅಡುಗೆ ಬಿಟ್ಟು ಗಂಗಾವತಿ ಕಡೆಯ ಗದ್ದೆಗಳಿಗೆ ಭತ್ತದ ನಾಟಿಗೆ ಹೋಗತೊಡಗಿದಳು. ಮಗಳನ್ನು ನೋಡಲು ಯಲಬುರ್ಗಾದಿಂದ ಬಂದವರು ಮಾಟದ ಮಾತು ಕೇಳಿ ಚಹಾ ಕೂಡ ಮುಟ್ಟದೆ ಎದ್ದುಹೋದರು. ಆ ದಿನ ನಾನು ಎದುರಿನ ನನ್ನ ಮನೆಯ ಬಾಗಿಲಲ್ಲೇ ಕೂತಿದ್ದೆ, ಜೋಳ ಹಸನು ಮಾಡುತ್ತ. ಆಗಲೂ ಎದ್ದು ಹೋಗಿ ಹೇಳಬಹುದಿತ್ತು. ಜೋಳ ಹಸನು ಮಾಡಿದೆ.

ಆ ಮಗಳಿಗೆ ಓದಲು ಬರುತ್ತದೆ. ಈ ಹಾಳೆ ಆಕೆಯ ಕೈಗೇ ಕೊಡುತ್ತೇನೆ. ತಾಯಿಗೆ ಓದಿ ಹೇಳಲಿ. ಊರಿಗೂ ಓದಿ ಹೇಳಲಿ. ನನ್ನನ್ನು ಏನಂದರೂ ಅನ್ನಲಿ.

ಇನ್ನು ಹೇಳಲು ಒಂದೇ ಉಳಿದಿದೆ, ಪ್ರವಾಸದಿಂದ ಬಂದ ಮರುದಿನ ಬೆಳಿಗ್ಗೆಯದು. ಎಂದಿನಂತೆ ಶಾಲೆಗೆ ಹೋದೆ. ಗೂಟಕ್ಕೆ ಮೆಹಬೂಬಿಯ ಏಪ್ರನ್ ತೂಗುತ್ತಿತ್ತು. ಅದನ್ನು ತೆಗೆದು ಖಾಲಿ ಚೀಲಗಳ ಕೆಳಗೆ ಒತ್ತಿದೆ. ಮಕ್ಕಳಿಗೆ ಹಾಲು ಕಾಸಿದೆ. ಒಂದು ಮಗುವಿನ ತಾಯಿ ಬಾಗಿಲಿಗೆ ಬಂದು, ಒಳಗೆ ಇಣುಕಿ, "ಆಕಿ ಇಲ್ಲಲ್ಲಬೇ?" ಅಂದಳು.

"ಇಲ್ಲ. ನನ್ನ ಕೈಯಾಂದೇ ಐತಿ. ಚಿಂತಿ ಮಾಡಬ್ಯಾಡ, ಕುಡೀಲಿ," ಅಂದೆ. ಆಕೆ ಇನ್ನೂ ನಿಂತೇ ಇದ್ದಳು. ನಾನು ಎರಡೂ ಕೈ ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ ತೋರಿಸಿದೆ.